ಮೂರು ವರ್ಷದ ಕಾನೂನು, ಮೂರು ದಿನದ ರಜೆ

1897ರಲ್ಲಿ ರಷ್ಯಾ ಸಾಮ್ರಾಜ್ಯದ ಜನಗಣತಿ ನಡೆದಾಗ, ಚಕ್ರವರ್ತಿ ಎರಡನೆಯ ನಿಕೊಲಾಸ್ ಅವರು ಉದ್ಯೋಗದ ಕಾಲಮ್ಮಿನಲ್ಲಿ ‘ರಷ್ಯಾದ ನೆಲದ ಒಡೆಯ’ ಎಂದು ಬರೆದರು. ಸುಮಾರು 12.5 ಕೋಟಿ ಜನ ತುಂಬಿಸಿಕೊಟ್ಟ ನಮೂನೆಗಳಲ್ಲಿ ಇಷ್ಟು ಪ್ರಾಮಾಣಿಕವಾದ ಉತ್ತರ ಇನ್ನೊಂದು ಇದ್ದಿರಲಾರದು. ಅವರ ಆಳ್ವಿಕೆಯಲ್ಲಿ ಕಾನೂನೆಂಬುದು ಒಡೆಯರ ಮನೆಯಲ್ಲಿ ಬಾಡಿಗೆಗೆ ಇದ್ದಂತಿತ್ತು. ಅದು ಎಷ್ಟು ದಿನ ಇರಬೇಕು, ಯಾವ ಕೋಣೆಗೆ ಕಾಲಿಡಬಾರದು, ಯಾವಾಗ ಗಂಟುಮೂಟೆ ಕಟ್ಟಬೇಕು ಎಂಬುದೆಲ್ಲ ಒಡೆಯರ ಚಿತ್ತಕ್ಕೆ ಬಿಟ್ಟದ್ದು.

ಈ ವ್ಯವಸ್ಥೆಯ ಅತ್ಯುತ್ತಮ ಸೃಷ್ಟಿ ನಿಕೊಲಾಸರದ್ದಲ್ಲ, ಅವರ ತಂದೆಯವರದು. 1881ರ ಮಾರ್ಚ್‌ನಲ್ಲಿ ಎರಡನೆಯ ಅಲೆಕ್ಸಾಂಡರ್ ಬಾಂಬಿಗೆ ಬಲಿಯಾದ ಮೇಲೆ, ಪಟ್ಟಕ್ಕೆ ಬಂದ ಮೂರನೆಯ ಅಲೆಕ್ಸಾಂಡರ್ ಅದೇ ವರ್ಷ ಆಗಸ್ಟ್ 14ರಂದು ಸಾರ್ವಜನಿಕ ನೆಮ್ಮದಿಯನ್ನು ಕಾಪಾಡುವ ನಿಯಮಾವಳಿಯೊಂದನ್ನು ಹೊರಡಿಸಿದರು. ಅದು ಜಾರಿಯಲ್ಲಿದ್ದ ಪ್ರಾಂತದಲ್ಲಿ ರಾಜ್ಯಪಾಲನು ಯಾವ ಸಭೆಯನ್ನಾದರೂ ನಿಷೇಧಿಸಬಹುದಿತ್ತು, ಯಾವ ಅಂಗಡಿಯನ್ನಾದರೂ ಮುಚ್ಚಿಸಬಹುದಿತ್ತು, ತನ್ನ ಆಜ್ಞೆ ಮೀರಿದವನಿಗೆ ನ್ಯಾಯಾಲಯದ ಗೊಡವೆಯೇ ಇಲ್ಲದೆ ಮೂರು ತಿಂಗಳ ಸೆರೆವಾಸವನ್ನೋ 500 ರೂಬಲ್ ದಂಡವನ್ನೋ ವಿಧಿಸಬಹುದಿತ್ತು. ಇಷ್ಟು ಕಠಿಣವಾದ ಕ್ರಮ ಶಾಶ್ವತವಾಗಿರುವುದು ಸರಿಯಲ್ಲವೆಂದು ಅದನ್ನು ತಂದವರಿಗೇ ಅನ್ನಿಸಿರಬೇಕು. ಆದ್ದರಿಂದ ಅವಧಿಯನ್ನು ಮೂರೇ ವರ್ಷಕ್ಕೆ ಸೀಮಿತಗೊಳಿಸಿದರು. ಮೂರು ವರ್ಷ ತುಂಬಿದಾಗ ನೆಮ್ಮದಿ ಇನ್ನೂ ಪೂರ್ತಿ ಬಂದಿಲ್ಲವೆಂದು ಅವಧಿಯನ್ನು ವಿಸ್ತರಿಸಿದರು. ಆಮೇಲೆ ಮತ್ತೊಮ್ಮೆ, ಮಗದೊಮ್ಮೆ. ಅದು ಹೊರಟ ದಿನ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಮಗು, 1917ರಲ್ಲಿ ತನ್ನ 35 ವರ್ಷ ದಾಟಿದಾಗಲೂ ಅದೇ ತಾತ್ಕಾಲಿಕ ನಿಯಮಾವಳಿಯ ನೆರಳಿನಲ್ಲಿತ್ತು.

ಇಂಥ ರಕ್ಷಣೆಯ ನಡುವೆಯೇ 1905ರ ಜನವರಿ 9 ಬಂತು. (ರಷ್ಯಾದ ಹಳೆಯ ಪಂಚಾಂಗದ ದಿನಾಂಕವಿದು, ಉಳಿದ ಯೂರೋಪಿಗಿಂತ ಅದು ಹದಿಮೂರು ದಿನ ಹಿಂದಿತ್ತು, ಆಡಳಿತಕ್ಕೆ ಹೋಲಿಸಿದರೆ ಅದೇನೂ ಹೆಚ್ಚಲ್ಲ.) ದೇವರ ಪಟಗಳನ್ನೂ ಒಡೆಯರದ್ದೇ ಭಾವಚಿತ್ರಗಳನ್ನೂ ಹೊತ್ತು ಅರ್ಜಿ ಕೊಡಲು ಅರಮನೆಯತ್ತ ಹೊರಟ ಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿದರು. ಒಡೆಯರಾದರೋ ಆ ದಿನ ಊರಿನಲ್ಲೇ ಇರಲಿಲ್ಲ. ಹತ್ತು ದಿನಗಳ ನಂತರ ಅಧಿಕಾರಿಗಳು ಜೋಪಾನವಾಗಿ ಆರಿಸಿ ತಂದ ಕೆಲವು ಕಾರ್ಮಿಕರನ್ನು ತ್ಸಾರ್‌ಸ್ಕೊಯೆ ಸೆಲೊ ಅರಮನೆಯಲ್ಲಿ ಬರಮಾಡಿಕೊಂಡು, ಅವರ ನಿಷ್ಠೆಯಲ್ಲಿ ತಮಗೆ ನಂಬಿಕೆಯಿದೆಯೆಂದೂ ಆದಕಾರಣ ಅವರ ತಪ್ಪನ್ನು ಕ್ಷಮಿಸಿರುವುದಾಗಿಯೂ ತಿಳಿಸಿದರು. ಗುಂಡು ಹಾರಿಸಿದವರು ಕ್ಷಮೆ ಬೇಡುವುದು ಲೋಕದ ರೂಢಿ. ಗುಂಡು ತಿಂದವರನ್ನು ಕ್ಷಮಿಸಲು ಒಡೆಯರ ಹೃದಯವೇ ಬೇಕು.

ಆ ವರ್ಷದ ಮುಷ್ಕರಗಳಿಗೆ ಮಣಿದು ಅಕ್ಟೋಬರಿನಲ್ಲಿ ವಾಕ್ ಸ್ವಾತಂತ್ರ್ಯ, ಸಭಾ ಸ್ವಾತಂತ್ರ್ಯಗಳ ಘೋಷಣೆ ಹೊರಟಿತು. 1906ರ ಏಪ್ರಿಲ್ 27ರಂದು ಡೂಮಾ ಎಂಬ ಶಾಸನಸಭೆಯೂ ಕೂಡಿತು. ರೈತ ಪ್ರತಿನಿಧಿಗಳು ಭೂಮಿ ಬೇಕೆಂದರು, ಇತರರು ರಾಜಕೀಯ ಕೈದಿಗಳ ಬಿಡುಗಡೆಯಾಗಲಿ ಎಂದರು. ಸರ್ಕಾರ ಆಳವಾಗಿ ಆಲೋಚಿಸಿ, ಯೂರ್ಯೆವ್ ವಿಶ್ವವಿದ್ಯಾಲಯಕ್ಕೆ ಒಂದು ಸಸ್ಯಗೃಹ ಮತ್ತು ಒಂದು ಬಟ್ಟೆ ಒಗೆಯುವ ಮನೆ ಕಟ್ಟಿಸುವ ಮಸೂದೆಯನ್ನು ಡೂಮಾದ ಮುಂದಿಟ್ಟಿತು. ಸಾಮ್ರಾಜ್ಯದ ಪ್ರಥಮ ಜನಪ್ರತಿನಿಧಿಗಳಿಗೆ ಸರ್ಕಾರ ಒಪ್ಪಿಸಿದ ಪ್ರಥಮ ಮಸೂದೆ ಇದೇ. ಐದು ವರ್ಷಕ್ಕೆಂದು ಆಯ್ಕೆಯಾಗಿದ್ದ ಆ ಸಭೆಯನ್ನು 72 ದಿನಗಳಲ್ಲಿ ವಿಸರ್ಜಿಸಲಾಯಿತು. ಎರಡನೆಯ ಡೂಮಾ 1907ರ ಜೂನ್ 3ರವರೆಗೆ ನೂರಕ್ಕೂ ಸ್ವಲ್ಪ ಹೆಚ್ಚು ದಿನ ಉಸಿರಾಡಿತು. ಅದನ್ನು ಮುಚ್ಚಿದ ದಿನವೇ ಚುನಾವಣಾ ಕಾನೂನನ್ನು ಬದಲಿಸಿ, ಜಮೀನ್ದಾರರ ಮತಕ್ಕೆ ತೂಕ ಹೆಚ್ಚಿಸಿದರು. ಡೂಮಾದ ಒಪ್ಪಿಗೆಯಿಲ್ಲದೆ ಆ ಕಾನೂನನ್ನು ಬದಲಿಸಲಾಗದೆಂದು ಒಡೆಯರೇ ಸಹಿ ಮಾಡಿದ್ದರು, ನಿಜ. ಆದರೆ ಒಪ್ಪಿಗೆ ಕೊಡಲು ಡೂಮಾ ಎಲ್ಲಿತ್ತು?

ಈ ತರ್ಕ ಪರಾಕಾಷ್ಠೆಗೇರಿದ್ದು 1911ರ ಮಾರ್ಚ್‌ನಲ್ಲಿ. ಪ್ರಧಾನಿ ಸ್ತೊಲೀಪಿನ್ ಪಶ್ಚಿಮ ಪ್ರಾಂತಗಳಲ್ಲಿ ಸ್ಥಳೀಯ ಆಡಳಿತ ಮಂಡಳಿಗಳನ್ನು ತರುವ ಮಸೂದೆ ಮಂಡಿಸಿದ್ದರು. ಡೂಮಾ ಒಪ್ಪಿತು, ಮೇಲ್ಮನೆ ತಿರಸ್ಕರಿಸಿತು. ಸಭೆ ಇಲ್ಲದಿರುವಾಗ ತುರ್ತುಸ್ಥಿತಿ ಒದಗಿದರೆ ಸರ್ಕಾರ ತಾನೇ ಕಾನೂನು ಹೊರಡಿಸಬಹುದೆಂದು ಸಾಮ್ರಾಜ್ಯದ ಮೂಲ ಕಾನೂನುಗಳ 87ನೆಯ ವಿಧಿ ಹೇಳುತ್ತಿತ್ತು. ತುರ್ತುಸ್ಥಿತಿಯೇನೋ ಇರಲಿಲ್ಲ, ಸಭೆಯೇನೋ ನಡೆಯುತ್ತಿತ್ತು. ಇಂಥ ಸಣ್ಣ ಅಡ್ಡಿಗೆ ಸ್ತೊಲೀಪಿನ್ ಎದೆಗುಂದಲಿಲ್ಲ. ಒಡೆಯರಿಂದ ಎರಡೂ ಸದನಗಳಿಗೆ ಮೂರು ದಿನ ರಜೆ ಕೊಡಿಸಿ, ಆ ರಜೆಯಲ್ಲಿ ಕಾನೂನನ್ನು ಹೊರಡಿಸಿ, ಸದಸ್ಯರನ್ನು ಮತ್ತೆ ಸದನಕ್ಕೆ ಕರೆದರು. ಮಸೂದೆಯನ್ನು ಬಲವಾಗಿ ವಿರೋಧಿಸಿದ್ದ ಮೇಲ್ಮನೆಯ ಇಬ್ಬರು ಹಿರಿಯರಿಗೆ ಮಾತ್ರ ವರ್ಷದ ಕೊನೆಯವರೆಗೂ ವಿಶ್ರಾಂತಿ ದಯಪಾಲಿಸಲಾಯಿತು.

ಅದೇ ಸೆಪ್ಟೆಂಬರಿನಲ್ಲಿ ಕೀವ್ ನಗರದ ಸಂಗೀತ ನಾಟಕ ಮಂದಿರದಲ್ಲಿ, ಒಡೆಯರ ಕಣ್ಣೆದುರಿಗೇ, ಸ್ತೊಲೀಪಿನ್ ಮೇಲೆ ಗುಂಡು ಹಾರಿತು. ಕೆಲವು ದಿನಗಳಲ್ಲಿ ಅವರು ತೀರಿಕೊಂಡರು. ಹಂತಕ ಬೊಗ್ರೊವ್ ಪೊಲೀಸರ ಗುಪ್ತ ಮಾಹಿತಿದಾರನಾಗಿದ್ದ. ಬಿಗಿ ಬಂದೋಬಸ್ತಿನ ಆ ಮಂದಿರಕ್ಕೆ ಅವನಿಗೆ ಪ್ರವೇಶ ಪತ್ರ ಒದಗಿಸಿದ್ದು ಊರಿನ ರಕ್ಷಣಾ ವಿಭಾಗವೇ, ಅಂದರೆ ನೆಮ್ಮದಿಯನ್ನು ಕಾಪಾಡಲು ನೇಮಕವಾಗಿದ್ದ ಗುಪ್ತ ಪೊಲೀಸ್ ದಳವೇ.

1917ರ ಮಾರ್ಚ್ 2ರಂದು ಪ್ಸ್ಕೊವ್ ನಿಲ್ದಾಣದಲ್ಲಿ, ರೈಲು ಬೋಗಿಯೊಳಗೆ ಕುಳಿತು ಒಡೆಯರು ಸಿಂಹಾಸನವನ್ನು ಬಿಟ್ಟುಕೊಟ್ಟರು. ಮೂರು ವರ್ಷದ ನಿಯಮಾವಳಿಯೂ ಅವರ ಹಿಂದೆಯೇ ಹೋಯಿತು. ಅವರ ಜಾಗಕ್ಕೆ ಬಂದವರು ತಮ್ಮನ್ನು ತಾತ್ಕಾಲಿಕ ಸರ್ಕಾರವೆಂದು ಕರೆದುಕೊಂಡು, ಎಂಟು ತಿಂಗಳೂ ತುಂಬುವ ಮೊದಲೇ ಮಾತು ಉಳಿಸಿಕೊಂಡರು.