ಬೇಗ ಮುಗಿಸಿದವರಿಗೆ ಅದೇ ಲೆಕ್ಕ ಮತ್ತೆ ಯಾಕೆ?

ನಿನ್ನೆ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಆರನೇ ತರಗತಿಯ ಹಿಂದಿನ ಸಾಲಲ್ಲಿ ಕೂತಿದ್ದೆ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬೋರ್ಡಿನ ಮೇಲೆ ಲ.ಸಾ.ಅ. (ಕೊಟ್ಟ ಸಂಖ್ಯೆಗಳೆಲ್ಲ ಶೇಷ ಉಳಿಯದಂತೆ ಭಾಗಿಸುವ ಅತಿ ಚಿಕ್ಕ ಸಂಖ್ಯೆ) ಕಂಡುಹಿಡಿಯುವ ಹತ್ತು ಲೆಕ್ಕ. ಒಬ್ಬ ಹುಡುಗ ಮುಗಿಸಿ ಎದ್ದು ನಿಂತ. "ಮುಗೀತಾ? ಹಂಗಾರ ಇನ್ನೊಂದ್ ಹತ್ತು ಮಾಡು" ಅಂದರು ಮಾಸ್ತರು. ನನ್ನ ಪಕ್ಕದ ಹುಡುಗಿ ಅವನಿಗಿಂತ ಮೊದಲೇ ಮುಗಿಸಿದ್ದಳು. ಮೊಣಕೈ ಅಡ್ಡ ಇಟ್ಟು, ಬರೆದ ಅಂಕಿಗಳ ಮೇಲೇ ಪೆನ್ಸಿಲ್ ತೀಡ್ತಾ ಕೂತಿದ್ದಳು. ಯಾಕವ್ವಾ ಅಂದೆ. "ಮುಗೀತಂದ್ರ ಮತ್ತ ಅವನ್ನ ಕೊಡ್ತಾರ್ರೀ ಸರ್" ಅಂತ ಪಿಸುಗುಟ್ಟಿದಳು.

ಜಾಣತನ ಮುಚ್ಚಿಡೋದನ್ನ ಮಕ್ಕಳಿಗೆ ಕಲಿಸ್ತಿದ್ದೀವಿ ನಾವು.

ಬೇಗ ಕಲಿಯುವ ಮಗುವಿಗೆ ಬೇಕಿರೋದು ಹೆಚ್ಚು ಲೆಕ್ಕ ಅಲ್ಲ, ಬೇರೆ ಲೆಕ್ಕ. ಹತ್ತರಲ್ಲಿ ಕಠಿಣವಾದ ನಾಲ್ಕನ್ನ ಮೊದಲೇ ಮಾಡಿಸಿ. ಸರಿ ಬಂದರೆ ಉಳಿದ ಆರು ಬಿಟ್ಟುಬಿಡಿ. ಆ ಸಮಯ ಮಗುವಿನದು. ನಾನು ಆ ಹುಡುಗಿಗೆ ಒಂದು ಚೀಟಿ ಬರೆದುಕೊಟ್ಟೆ: ಎರಡು ಸಂಖ್ಯೆಗಳ ಮ.ಸಾ.ಅ. (ಎರಡನ್ನೂ ಶೇಷ ಉಳಿಯದಂತೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) 6, ಲ.ಸಾ.ಅ. 36. ಆ ಸಂಖ್ಯೆಗಳು ಯಾವುವು? ಬಹಳ ಹೊತ್ತು ಗೀಚಿ, ಹೊಡೆದುಹಾಕಿ, 12 ಮತ್ತು 18 ಅಂತ ತೋರಿಸಿದಳು. ನಾನು ಬಾಯಿ ತೆರೆಯೋ ಮೊದಲೇ ನೋಟ್‌ಬುಕ್ ವಾಪಸ್ ಎಳಕೊಂಡು, "ಸರ್, 6, 36ನೂ ಆಗತೈತಲ್ರೀ!" ಅಂದಳು. ಈ ಸಲ ಪಿಸುಮಾತಲ್ಲ, ಇಡೀ ಕ್ಲಾಸಿಗೇ ಕೇಳಿತು.

ಇಂಥ ಚೀಟಿಗೆ ಇನ್ನೊಂದು ಲೆಕ್ಕ: ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮಾಸ್ತರಾಗಿದ್ದ ಡಿ.ಆರ್. ಕಾಪ್ರೇಕರ್ ಕಂಡುಹಿಡಿದ 6174ರ ಆಟ. ಅದಕ್ಕೆ ಕಳೆಯೋದು ಬಂದರೆ ಸಾಕು. 3524 ತಗೊಳ್ಳಿ. ಅಂಕಿಗಳನ್ನ ಇಳಿಕೆ ಕ್ರಮದಲ್ಲಿ, ಏರಿಕೆ ಕ್ರಮದಲ್ಲಿ ಬರೆದು ಕಳೆಯಿರಿ: 5432 − 2345 = 3087. ಮತ್ತೆ 8730 − 0378 = 8352. ಮತ್ತೆ 8532 − 2358 = 6174. ಇನ್ನು ಎಷ್ಟು ಸಲ ಮಾಡಿದರೂ ಅದೇ. ಮೂರಂಕಿಯಲ್ಲಿ ಏನಾಗುತ್ತೆ ಅಂತ ಕೇಳಿ ನೋಡಿ, ಊಟದ ಬೆಲ್ ಹೊಡೆದರೂ ಏಳೋದಿಲ್ಲ.

"ಓದೋಕೇ ಬರದ ಮಕ್ಕಳು ತುಂಬ್ಯಾರ, ಜಾಣರ ಚಿಂತಿ ಯಾಕ್ರಿ, ಅವರು ನವೋದಯಕ್ಕೆ ಹೋಗ್ತಾರ" ಅಂದರು ಅಲ್ಲಿನವರೊಬ್ಬರು. ನವೋದಯ ಅಂದರೆ ಪ್ರವೇಶ ಪರೀಕ್ಷೆ ಬರೆದು ಸೇರುವ ಕೇಂದ್ರ ಸರ್ಕಾರದ ವಸತಿ ಶಾಲೆ. ನಮ್ಮ ಜಿಲ್ಲೆಯ ಕುಕನೂರಿನ ನವೋದಯಕ್ಕೆ ಆರನೇ ತರಗತಿಗೆ ವರ್ಷಕ್ಕೆ ತಗೊಳ್ಳೋದು ಹೆಚ್ಚೆಂದರೆ 80 ಮಕ್ಕಳನ್ನ, ಅದೂ ಇಡೀ ಜಿಲ್ಲೆಗೆ. ಉಳಿದವರು ನಮ್ಮ ಬೆಂಚುಗಳ ಮೇಲೇ ಇದ್ದಾರೆ. ಅಪ್ಪ ಅಮ್ಮ ಗುಳೆ ಹೋಗಿ, ಅಜ್ಜಿ ಹತ್ತಿರ ಇದ್ದು ಓದುವ ಮಗುವಿಗೆ ಟ್ಯೂಷನ್ನೂ ಇಲ್ಲ, ಮನೆಯಲ್ಲಿ ಪುಸ್ತಕವೂ ಇಲ್ಲ. ಆ ಮಗುವಿಗೆ ಇರೋದು ನಮ್ಮ ನಲವತ್ತು ನಿಮಿಷದ ಪೀರಿಯಡ್ ಮಾತ್ರ. ಒಂದು ಚೀಟಿ ಬರೆಯೋದರಿಂದ ನಿಧಾನ ಕಲಿಯುವ ಮಕ್ಕಳ ಯಾವ ಸಮಯ ಕಸಿದಂತಾಯ್ತು? ಬದಲಿಗೆ, ಬೇಗ ಮುಗಿಸಿದವರು ತಮ್ಮ ಪಾಡಿಗೆ ಕೂತರೆ ಮಾಸ್ತರಿಗೆ ಉಳಿದವರ ಹತ್ತಿರ ಹೋಗೋಕೆ ಪುರುಸೊತ್ತು ಸಿಗುತ್ತೆ.

ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಇದನ್ನ ಒಪ್ಪಿಕೊಂಡವರೇ ಅಲ್ವಾ ನಾವು? ಮೂರನೇ ತರಗತಿ ತನಕ ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತೆ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಟ. ಇದು ನನಗೆ ಸಂಕಟ ತರುತ್ತೆ, ತುಂಬಾ.

ಆರು, ಏಳನೇ ತರಗತಿಗೆ ಗಣಿತ ಹೇಳುವ ಗೆಳೆಯರೇ, ನಿಮ್ಮ ಹತ್ತಿರ ಇಂಥ ಲೆಕ್ಕಗಳಿದ್ದರೆ ಇಲ್ಲಿ ಹಾಕಿ. ಚೀಟಿ ಮಾಡಿ ಆ ಶಾಲೆಗೆ ಕೊಟ್ಟು ಬರ್ತೀನಿ. ಭಿನ್ನರಾಶಿಯವು ಮೊದಲು ಬೇಕು, ಮುಂದಿನ ಪಾಠ ಅದೇ.