ಉಣುಗಿಗೊಂದು ಪಾಸ್‌ಪೋರ್ಟ್ ಮಾಡಿಸಿ

ಸಿದ್ದಾಪುರ-ಶಿರಸಿ ಸೀಮೆಯ ಕಾಡಿನ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಜೀವನದಲ್ಲಿ ಮುಂದೆ ಬರುವ ಜಾತಿಯದಲ್ಲ. ಅದು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ಎಳ್ಳಿಗಿಂತ ಚಿಕ್ಕದಾದ ಮರಿ ಉಣುಗು ದರಕಿನ, ಅಂದರೆ ಉದುರಿದ ಒಣ ಎಲೆಯ, ತುದಿ ಹತ್ತಿ, ಮುಂಗಾಲೆರಡನ್ನೂ ಚಾಚಿಕೊಂಡು, ಯಾರಾದರೂ ತಾಗಿಸಿಕೊಂಡು ಹೋಗಲಿ ಎಂದು ಕಾಯುತ್ತದೆ. ಮಂಗ ಬಂದರೆ ಮಂಗ, ದನ ಬಂದರೆ ದನ, ದರಕು ಗುಡಿಸುವ ಹೆಂಗಸು ಬಂದರೆ ಅವಳ ಮೀನಖಂಡ. ಮಂಗನ ಕಾಯಿಲೆಯ ವೈರಾಣುವಿಗೆ ಇರುವ ವಾಹನ ಸೌಕರ್ಯ ಇಷ್ಟೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ತೆಯಾದದ್ದು ಇಷ್ಟು ವರ್ಷ ತೆವಳಿ ತೆವಳಿ ತಲುಪಿದ್ದು ಎಲ್ಲಿಗೆ? ಉತ್ತರ ಕನ್ನಡ, ದಕ್ಷಿಣ ಕನ್ನಡ, ಚಿಕ್ಕಮಗಳೂರು, ಬಂಡೀಪುರ, ವಯನಾಡು. ಈ ಕಡೆ ಗೋವಾದ ಸತ್ತರಿ, ಸಿಂಧುದುರ್ಗದ ದೋಡಾಮಾರ್ಗ. ಅಷ್ಟೂ ದೂರವನ್ನು ಕೊರೊನಾ ವಿಮಾನ ಹತ್ತಿ ಒಂದೇ ಮಧ್ಯಾಹ್ನದಲ್ಲಿ ಮುಗಿಸಿತು. ದಾರಿಯಲ್ಲಿ ಊಟ ಕೊಟ್ಟು, ಸಿನಿಮಾ ತೋರಿಸಿ, ಕಾಲು ಚಾಚಲು ಜಾಗ ಮಾಡಿಕೊಟ್ಟು ಕರೆತಂದರು.

ಹಾಗೆ ನೋಡಿದರೆ ನಮ್ಮ ಉಣುಗಿಗೂ ಒಂದು ಕಾಲವಿತ್ತು. ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಸುತ್ತಲ ಊರಿನವರಿಗೆ ಜ್ವರ ಬಂದಾಗ, ಇದು ಹಳದಿ ಜ್ವರವೇ ಇರಬಹುದು ಎಂಬ ಗುಮಾನಿ ಎದ್ದಿತು. ಹಳದಿ ಜ್ವರ ಎಂದರೆ ಸಾಮಾನ್ಯದ್ದಲ್ಲ. ಪಾಸ್‌ಪೋರ್ಟಿನ ಜೊತೆ ಸ್ವಂತ ಹಳದಿ ಚೀಟಿ ಇಟ್ಟುಕೊಂಡು ತಿರುಗುವ ಗತ್ತು ಅದರದು. ಆ ಜ್ವರ ಇರುವ ದೇಶದಿಂದ ಬಂದವರು ಲಸಿಕೆಯ ಚೀಟಿ ತೋರಿಸದಿದ್ದರೆ ಇವತ್ತಿಗೂ ನಮ್ಮಲ್ಲಿ ಆರು ದಿನದವರೆಗೆ ಬೇರೆ ಇಡುತ್ತಾರೆ. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಓಡೋಡಿ ಬಂದರು. 1952ರಲ್ಲಿ ಆ ಕೇಂದ್ರ ಕಟ್ಟಲು ಕೈಜೋಡಿಸಿದ್ದು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ. ಪರೀಕ್ಷೆ ಮಾಡಿ ನೋಡಿದರೆ ಹಳದಿ ಜ್ವರವಲ್ಲ, ರಷ್ಯಾದ ಕಾಡಿನ ಉಣುಗು ಜ್ವರದ ನೆಂಟ. ವಿಮಾನ ಹತ್ತುವಂಥದ್ದಲ್ಲ, ನಡೆದುಕೊಂಡು ಹೋಗುವಂಥದ್ದು. ಜಗತ್ತು ನಿಟ್ಟುಸಿರು ಬಿಟ್ಟಿತು. ಅದು ಯಾಕೆ ಬಿಟ್ಟಿತೆಂದು ಸೊರಬದವರಿಗೂ ಸಿದ್ದಾಪುರದವರಿಗೂ ಮಾತ್ರ ತಿಳಿಯಲಿಲ್ಲ.

ಲಸಿಕೆ ಇರಲೇ ಇಲ್ಲ ಎನ್ನುವಂತಿಲ್ಲ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ಉರಿಯುತ್ತಿತ್ತು. ಮೊದಲ ಡೋಸಿಗೆ ಬಂದವರು ಎರಡನೆಯದಕ್ಕೆ ಕಾಣುತ್ತಿರಲಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ರಕ್ಷಣೆ ಎಷ್ಟು? 2005ರಿಂದ 2010ರವರೆಗಿನ ಲೆಕ್ಕದಲ್ಲಿ ಎರಡು ಡೋಸು ಪಡೆದವರಿಗೆ ಶೇ. 62.4. ತಯಾರಾಗುತ್ತಿದ್ದುದು ಬೆಂಗಳೂರಿನ ಹೆಬ್ಬಾಳದಲ್ಲಿ, ದನಕರುಗಳಿಗೆ ಲಸಿಕೆ ಮಾಡುವ ಪಶು ಆರೋಗ್ಯ ಸಂಸ್ಥೆಯಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇದೆ. ಕೂಲಿಯವನಿಗೆ ಜ್ವರ ಬಂದರೆ ಎಮ್ಮೆಯ ಆಸ್ಪತ್ರೆಯಿಂದ ಮದ್ದು ಎಂದು ಅದಕ್ಕೆ ಎರಡನೇ ಸಾಲು ಸೇರಿಸಬಹುದು. ಆ ಸಂಸ್ಥೆಯವರನ್ನು ದೂರಿ ಪ್ರಯೋಜನವಿಲ್ಲ, ಆಗ ಮಾಡುತ್ತಿದ್ದವರು ಅವರೊಬ್ಬರೇ. 2022ರ ಹೊತ್ತಿಗೆ ಅದೂ ನಿಂತಿತು. ಹೊಸ ಲಸಿಕೆಯ ಕೆಲಸ ಇನ್ನೂ ನಡೆಯುತ್ತಿದೆ.

ಕೊರೊನಾ ವೈರಾಣುವಿನ ಜಾತಕ, ಅಂದರೆ ವಂಶವಾಹಿಯ ನಕ್ಷೆ, ಪ್ರಕಟವಾದದ್ದು 2020ರ ಜನವರಿಯಲ್ಲಿ. ಡಿಸೆಂಬರ್ 8ಕ್ಕೆ ಬ್ರಿಟನ್ನಿನಲ್ಲಿ ಜನ ತೋಳು ಮಡಚಿ ಲಸಿಕೆಗೆ ಸಾಲು ನಿಂತಿದ್ದರು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಅಡಕೆ ಕೊಯ್ಲಿನಿಂದ ಮುಂದಿನ ಕೊಯ್ಲು. ವಿಜ್ಞಾನಿಗಳ ಜಾಣ್ಮೆಯನ್ನು ಹಗುರ ಮಾಡಬೇಕಿಲ್ಲ, ಹಿಂದೆ ಹಲವು ವರ್ಷಗಳ ಸಂಶೋಧನೆಯೂ ಇತ್ತು. ಆದರೆ ಲಸಿಕೆ ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಾಗುವ ಮುಂಚೆಯೇ ಕೋಟಿಗಟ್ಟಲೆ ಡೋಸಿಗೆ ಮುಂಗಡ ಎಣಿಸಿಕೊಟ್ಟ ಸರಕಾರಗಳೂ ಇದ್ದವು. ಇನ್ನೂ ಸುಲಿಯದ ಅಡಕೆಗೆ ಮುಂಗಡ ಕೊಟ್ಟ ವ್ಯಾಪಾರಿಯನ್ನು ಕಂಡವರಿದ್ದಾರೆ. ಮಂಗನ ಕಾಯಿಲೆಗೆ ಮುಂಗಡ ಕೊಟ್ಟವರನ್ನು ಕಂಡವರಿಲ್ಲ.

ಇದು ನಮ್ಮೊಬ್ಬರ ಹಣೆಬರಹವೂ ಅಲ್ಲ. ಎಬೋಲಾ ಪತ್ತೆಯಾದದ್ದು 1976ರಲ್ಲಿ. ಕೆನಡಾದಲ್ಲಿ ತಯಾರಾದ ಲಸಿಕೆಯೊಂದು ಕೋತಿಗಳನ್ನು ಉಳಿಸುತ್ತದೆಂದು 2005ರಲ್ಲೇ ಪ್ರಕಟವಾಗಿ, ಕಪಾಟಿನಲ್ಲಿ ಕೂತಿತು. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಸಾವಿರಾರು ಜನ ಸತ್ತರು, ಒಬ್ಬ ರೋಗಿ ವಿಮಾನದಲ್ಲಿ ಅಮೆರಿಕದ ಡಲ್ಲಾಸಿಗೂ ಬಂದಿಳಿದ. ಅದೇ ವರ್ಷ ಕಪಾಟಿನ ಧೂಳು ಹೊಡೆದರು. 2019ರ ಡಿಸೆಂಬರಿನಲ್ಲಿ ಅಮೆರಿಕದ ಒಪ್ಪಿಗೆಯ ಮುದ್ರೆಯೂ ಬಿತ್ತು.

ಆದ್ದರಿಂದ ಉಣುಗಿಗೆ ನಮ್ಮ ಹಿತವಚನ ಇಷ್ಟೇ: ಕಾಡು ಬಿಡು, ವಿಮಾನ ಹತ್ತು. ಅಂಕೋಲೆಯ ಅಲಗೇರಿಯಲ್ಲಿ ನಿಲ್ದಾಣ ಆಗುತ್ತದೆಂದು ಕಾಯುತ್ತ ಕೂತರೆ ಉಣುಗಿನ ಆಯುಷ್ಯ ಸಾಲದು. ಮಾಜಾಳಿ ಗಡಿ ದಾಟಿದರೆ ದಾಬೋಳಿ, ಇನ್ನೂ ಉತ್ತರಕ್ಕೆ ಹೋದರೆ ಮೋಪಾ. ಯಾರ ಜೊತೆ ಹೋಗಬೇಕು ಎಂಬುದು ಮುಖ್ಯ. ದರಕಿನ ಹೊರೆ ಹೊತ್ತವಳ ಕಾಲು ಹಿಡಿದರೆ ತಾಲ್ಲೂಕು ಆಸ್ಪತ್ರೆ. ಹಿಮದಲ್ಲಿ ಜಾರುವವರ ಕಾಲು ಹಿಡಿದರೆ ಭೂಖಂಡ. 2020ರ ಮಾರ್ಚಿನಲ್ಲಿ ಆಸ್ಟ್ರಿಯಾದ ಇಶ್‌ಗ್ಲ್ ಎಂಬ ಪುಟ್ಟ ಊರಿಗೆ ಹಿಮದಾಟಕ್ಕೆ ಬಂದವರು ಯುರೋಪಿನ ಊರೂರಿಗೆ ಕೊರೊನಾವನ್ನು ಪ್ರಸಾದದ ಹಾಗೆ ಒಯ್ದರು. ವಿಹಾರದ ಹಡಗೂ ಆಗಬಹುದು. ‘ಡೈಮಂಡ್ ಪ್ರಿನ್ಸೆಸ್’ ಹಡಗಿನಲ್ಲಿದ್ದ 3,711 ಜನರಲ್ಲಿ 712 ಜನರಿಗೆ ಅಂಟಿತ್ತು. ಅಷ್ಟು ಜನರನ್ನು ತಲುಪಲು ಮಂಗನ ಕಾಯಿಲೆಗೆ ಸಾಮಾನ್ಯವಾಗಿ ಒಂದು ವರ್ಷವಾದರೂ ಸಾಲದು.

ಆದರೆ ತಾಂತ್ರಿಕ ತೊಡಕೊಂದಿದೆ, ಅರ್ಜಿ ತಿರಸ್ಕೃತವಾಗುವುದೂ ಅಲ್ಲಿಯೇ. ಈ ವೈರಾಣುವಿಗೆ ಮನುಷ್ಯನೇ ಕೊನೆಯ ಸ್ಟಾಪು. ಒಬ್ಬರಿಂದ ಇನ್ನೊಬ್ಬರಿಗೆ ಅದು ದಾಟುವುದಿಲ್ಲ. ಕೆಮ್ಮಿದರೆ ಹಾರದು, ಕೈ ಕುಲುಕಿದರೆ ಅಂಟದು. ಮರಿ ಉಣುಗು ರಕ್ತ ಹೀರಲು ಕೆಲವು ದಿನ ತೆಗೆದುಕೊಂಡು, ಉದುರಿ, ಪೊರೆ ಕಳಚಿ, ಮುಂದಿನ ಹಂತಕ್ಕೆ ಬೆಳೆದ ಮೇಲೆಯೇ ಇನ್ನೊಂದು ಮೈ ಹುಡುಕುವುದು. ಇಷ್ಟು ಸಾವಧಾನದ ಪ್ರಯಾಣಿಕನಿಗೆ ಕನೆಕ್ಟಿಂಗ್ ಫ್ಲೈಟ್ ಸಿಗುವ ಮಾತಿಲ್ಲ. ಕಾಯಿಲೆ ಮನುಷ್ಯನಿಗೇನೂ ಸಸಾರವಲ್ಲ: ಕಚ್ಚಿದ ಮೂರರಿಂದ ಎಂಟು ದಿನಕ್ಕೆ ನಡುಕದ ಜ್ವರ, ಹಣೆ ಸಿಡಿಯುವ ತಲೆನೋವು, ಕೆಂಪು ಕಣ್ಣು, ಕೆಲವರಿಗೆ ಒಸಡಿನಿಂದ ಮೂಗಿನಿಂದ ರಕ್ತ, ಗುಣವಾಯಿತೆಂದು ಎದ್ದು ಗಂಜಿ ಉಂಡವರಲ್ಲಿ ಕೆಲವರಿಗೆ ವಾರ ಎರಡು ವಾರ ಬಿಟ್ಟು ಎರಡನೇ ಸುತ್ತು, ಆಗ ಮಿದುಳಿಗೆ. ನೂರರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಇಷ್ಟಿದ್ದೂ ಏನು ಮಾಡುವುದು, ಬಡವರನ್ನು ಬಿಟ್ಟು ಬೇರೆಯವರ ಪರಿಚಯವಿಲ್ಲ.

ಅಮೆರಿಕದಲ್ಲಿ ಮಾತ್ರ ಇದಕ್ಕೆ ಭಾರೀ ಮರ್ಯಾದೆ. ಜೈವಿಕ ಅಸ್ತ್ರವಾಗಬಲ್ಲ ರೋಗಾಣುಗಳ ಪಟ್ಟಿಗೆ ಸೇರಿಸಿ, ನಾಲ್ಕನೇ ಹಂತದ, ಅಂದರೆ ಅತಿ ಬಿಗಿ ಭದ್ರತೆಯ ಪ್ರಯೋಗಾಲಯದಲ್ಲೇ ಮುಟ್ಟಬೇಕೆಂದು ವಿಧಿಸಿದ್ದಾರೆ. ಅಲ್ಲಿ ಒಳಹೋಗುವವನು ಗಾಳಿ ತುಂಬಿದ ಅಂಗಿಯೊಳಗೆ ಕೂತು, ಹೊರಗಿನಿಂದ ಕೊಳವೆಯಲ್ಲಿ ಬರುವ ಗಾಳಿ ಉಸಿರಾಡುತ್ತಾನೆ. ಸಿದ್ದಾಪುರದ ಬೆಟ್ಟಕ್ಕೆ ಹೋಗುವವಳಿಗೆ ಅದೇ ವೈರಾಣುವಿಗೆ ಮೈಗೆ ಹಚ್ಚಿ ಉಣುಗನ್ನು ದೂರವಿಡಲು ಒಂದು ಬಾಟಲಿ ಡೇಪಾ ಎಣ್ಣೆ.

ಎಣ್ಣೆ ಒಳ್ಳೆಯದೇ, ರಕ್ಷಣಾ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದು. ಬೆಟ್ಟಕ್ಕೆ ಹೋಗುವ ಮುಂಚೆ ಪಾದದಿಂದ ಮೊಣಕಾಲಿನ ಮೇಲಿನವರೆಗೆ, ಕೈ, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಹಚ್ಚಿಕೊಂಡು ಸುಮ್ಮನೆ ಕೂತರೆ ಕೆಲವು ತಾಸು ಬರುತ್ತದೆ. ಆದರೆ ದರಕು ಗುಡಿಸುವುದು ಜನವರಿಯಿಂದ ಬೇಸಿಗೆಯವರೆಗೆ, ಮರಿ ಉಣುಗು ಏಳುವುದೂ ಆಗಲೇ. ಸೊಪ್ಪಿನಬೆಟ್ಟದಲ್ಲಿ ಬಾಗಿ ಗುಡಿಸಿ, ಗುಪ್ಪೆ ಮಾಡಿ, ಕಲ್ಲಿಗೆ ತುಳಿದು ತುಂಬಿ, ತಲೆಯ ಮೇಲೆ ಹೊತ್ತು ಇಳಿಯುವಾಗ ಬೆವರಿನ ಜೊತೆ ಎಣ್ಣೆಯೂ ಇಳಿಯುತ್ತದೆ. ಎರಡನೇ ಹೊರೆಗೆ ಮತ್ತೆ ಹಚ್ಚಬೇಕು, ಬಾಟಲಿ ಮನೆಯಲ್ಲಿದೆ. ಸೀರೆಯ ನೆರಿಗೆಯೊಳಗೆ ಉಣುಗು ನುಸುಳಿದರೆ ಎಣ್ಣೆ ಹಚ್ಚಿದ ಕಾಲು ದಾಟಿ ಸೊಂಟಕ್ಕೆ ಹೋಗಿ ಕಚ್ಚುತ್ತದೆ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮಿಂದು, ಮೈಯೆಲ್ಲ ತಡಕಿ ನೋಡಬೇಕು. ನೀರು ಕಾಯಿಸಲು ಸೌದೆ ಬೇಕು. ಸೌದೆ ಎಲ್ಲಿದೆ? ಬೆಟ್ಟದಲ್ಲಿ.

ಗುಡಿಸಿದ ದರಕು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ಅಡಕೆ ಮರದ ಬುಡ ಸೇರುತ್ತದೆ. ಸಣ್ಣ ತೋಟದವರು ತಾವೇ ಹೋಗುತ್ತಾರೆ, ತಾವೇ ಕಚ್ಚಿಸಿಕೊಳ್ಳುತ್ತಾರೆ. ದೊಡ್ಡ ತೋಟದವರಿಗೆ ದರಕು ಬರುತ್ತದೆ, ಉಣುಗು ಕೂಲಿಯವಳ ಬಳಿಯೇ ಉಳಿಯುತ್ತದೆ. 1982-83ರಲ್ಲಿ ಬೆಳ್ತಂಗಡಿ ಕಡೆ ಗೇರು ತೋಪಿಗೆಂದು ಕಾಡು ಕಡಿದ ಮೇಲೆ ಈ ಕಾಯಿಲೆ ದೊಡ್ಡದಾಗಿ ಎದ್ದಾಗಲೂ ಹಂಚಿಕೆ ಹೀಗೆಯೇ ಇತ್ತು: ಬೀಜ ಒಂದು ಕಡೆ, ಜ್ವರ ಒಂದು ಕಡೆ.

ಈ ಹಂಚಿಕೆ ಹೊಸದಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ 1918ರಲ್ಲಿ ಇನ್‌ಫ್ಲುಯೆಂಜಾ ಜ್ವರ ಹಡಗಿನಲ್ಲಿ ಮುಂಬಯಿಗೆ ಬಂದಿಳಿಯಿತು. ತಂದದ್ದು ಸಾಮ್ರಾಜ್ಯದ ಹಡಗು. ಆ ನಗರದಲ್ಲಿ ಸತ್ತದ್ದು ಸಾವಿರ ಯುರೋಪಿಯನ್ನರಲ್ಲಿ 8.3, ಸಾವಿರ ಕೆಳಜಾತಿಯ ಹಿಂದೂಗಳಲ್ಲಿ 61.6. ಅದೇ ಊರು, ಅದೇ ಜ್ವರ. ಬದಲಾದದ್ದು ಕೋಣೆಯೊಳಗಿನ ತಲೆಗಳ ಎಣಿಕೆ, ಬಟ್ಟಲಲ್ಲಿದ್ದ ಅನ್ನ, ಹಾಸಿಗೆಯ ಬಳಿ ನೀರು ಕೊಡುವ ಕೈ.

ಶ್ರೀಮಂತರಿಗೂ ಎಡವಟ್ಟಾಗುತ್ತದೆ, ಸುಳ್ಳು ಹೇಳಬಾರದು. 2019ರ ಅಕ್ಟೋಬರಿನಲ್ಲಿ 195 ದೇಶಗಳಿಗೆ ಸಾಂಕ್ರಾಮಿಕ ಎದುರಿಸುವ ಸಿದ್ಧತೆಯ ಅಂಕಪಟ್ಟಿ ಕೊಟ್ಟರು. ಅಮೆರಿಕ ಫಸ್ಟ್ ರ‍್ಯಾಂಕ್, ಬ್ರಿಟನ್ ಸೆಕೆಂಡ್, ಭಾರತ 57. ಕೆಲವೇ ತಿಂಗಳಲ್ಲಿ ನಿಜವಾದ ಪರೀಕ್ಷೆ ಬಂತು. ಫಸ್ಟ್ ರ‍್ಯಾಂಕಿನವರು 11 ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡರು. ಅಂಕಪಟ್ಟಿಯಲ್ಲಿ ಪ್ರಯೋಗಾಲಯಕ್ಕೆ ಅಂಕವಿತ್ತು, ಮಾಸ್ಕ್ ಹಾಕು ಎಂದರೆ ಕೋರ್ಟಿಗೆ ಹೋಗುವ ನಾಗರಿಕನಿಗೆ ಅಂಕ ಕಳೆಯುವ ಕಲಮು ಇರಲಿಲ್ಲ. ಆದರೂ ಶ್ರೀಮಂತ ದೇಶದಲ್ಲಿ ಸತ್ತರೆ ಲೆಕ್ಕಕ್ಕಾದರೂ ಸಿಗುತ್ತೀರಿ. 2020-21ರಲ್ಲಿ ಭಾರತದ ಸರಕಾರಿ ಲೆಕ್ಕ ಸುಮಾರು 4.8 ಲಕ್ಷ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 47 ಲಕ್ಷ. ಸರಕಾರ ಅಂದಾಜನ್ನು ಒಪ್ಪಲಿಲ್ಲ. ನಡುವಿನ 42 ಲಕ್ಷದವರು ಸತ್ತರೋ ಇಲ್ಲವೋ ಎಂಬುದು ಇನ್ನೂ ಚರ್ಚೆಯಲ್ಲಿದೆ.

ಕಾಯಿಲೆ ಯಾವುದೇ ಇರಲಿ, ಬಡವರಿಗೆ ಬರುವ ಸುತ್ತೋಲೆ ಒಂದೇ. ಆಗ ‘ಮನೆಯಲ್ಲೇ ಇರಿ’, ಈಗ ‘ಕಾಡಿಗೆ ಹೋಗಬೇಡಿ’. ಜ್ವರ ಏರಿದರೆ ರೆಫರಲ್ ಚೀಟಿ ಹಿಡಿದು ಘಟ್ಟ ಇಳಿದು ಮಣಿಪಾಲ. ಕೈಗಾದ ಅಣು ವಿದ್ಯುತ್ತು, ಕಾಳಿ-ಶರಾವತಿಯ ನೀರು, ಕಾರವಾರದ ಕಡಲತೀರ ನೌಕಾನೆಲೆಗೆ, ಎಲ್ಲ ಕೊಟ್ಟ ಜಿಲ್ಲೆಯವರು 2022ರಲ್ಲಿ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜಾಲತಾಣದಲ್ಲಿ ಕೂಗು ಹಾಕಬೇಕಾಯಿತು.

ಇರಲಿ, ಉಣುಗಿನ ಅರ್ಜಿಗೆ ಬರೋಣ. ಹೆಸರು, ಊರು ತುಂಬಿಯಾಯಿತು. ಕಾಯಂ ವಿಳಾಸಕ್ಕೆ ಮಂಗ ಸತ್ತ ಜಾಗ ಎಂದು ಬರೆದಿದೆ. ಆರೋಗ್ಯ ಇಲಾಖೆಯವರು ಆ ಜಾಗದ ಸುತ್ತ 50 ಅಡಿ ಮೆಲಾಥಿಯಾನ್ ಕೀಟನಾಶಕದ ಪುಡಿ ಎರಚಿ ಹೋಗಿದ್ದಾರೆ. ಇನ್ನು ಪೊಲೀಸ್ ವೆರಿಫಿಕೇಶನ್ ಬಾಕಿ. ಅದಕ್ಕೆ ನೆರೆಯವರಿಬ್ಬರ ಸಹಿ ಬೇಕಂತೆ. ನೆರೆಯಲ್ಲಿದ್ದವು ಎರಡು ಮಂಗ.