ಫೋಟೋ ತೆಗೆಯಬಾರದು ಎಂಬ ಫೋಟೋ

ನಮ್ಮ ಕಡೆಯ ಒಂದು ಜಲಪಾತದ ಹತ್ತಿರ ಹೊಸ ಫ್ಲೆಕ್ಸ್ ಕಟ್ಟಿದ್ದಾರೆ. 'ಇಲ್ಲಿ ಫೋಟೋ, ಸೆಲ್ಫಿ, ರೀಲ್ಸ್ ತೆಗೆಯುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ' ಅಂತ ಕೆಂಪು ಅಕ್ಷರ. ಹಿಂದೆ ತುಂಬಿ ಧುಮುಕುವ ನೀರಿನ ಚಂದದ ಚಿತ್ರ. ಆ ಚಿತ್ರ ತೆಗೆದವನು ನಾನು. ನನ್ನನ್ನು ಯಾರೂ ಕೇಳಿಲ್ಲ. ಮೂಲೆಯಲ್ಲಿ ನನ್ನ ಹೆಸರಿತ್ತು, ಈಗ ಅದರ ಮೇಲೆ ಇಲಾಖೆಯ ಲಾಂಛನ ಕೂತಿದೆ. ಯಾವ ಇಲಾಖೆ, ಯಾವ ಜಲಪಾತ ಅಂತ ಕೇಳಬೇಡಿ. ಮುಂದಿನ ಸಲ ಪರವಾನಗಿಗೆ ಅವರ ಬಾಗಿಲಿಗೇ ಹೋಗಬೇಕು ನಾನು.

ಸಿಟ್ಟು ಬರಲಿಲ್ಲ, ನಿಜ ಹೇಳ್ತೀನಿ. ಹೆಮ್ಮೆಯೇ ಆಯಿತು. ಫೋಟೋ ತೆಗೆಯಬೇಡಿ ಅಂತ ಹೇಳಲಿಕ್ಕೂ ಒಂದು ಒಳ್ಳೆ ಫೋಟೋ ಬೇಕು ಅಂತ ಗುರುತಿಸಿದ ಸರ್ಕಾರ ಇನ್ನೆಲ್ಲಿದೆ?

ಮಳೆಗಾಲ ಶುರುವಾದರೆ ನಮ್ಮ ಬೆಳಗಾವಿ ಜಿಲ್ಲೆಗೆ ಎರಡು ಸುದ್ದಿ ಒಟ್ಟಿಗೇ ಬರುತ್ತವೆ. ಒಂದು, 'ಮೈದುಂಬಿದ ಜಲಪಾತಗಳು, ಪ್ರವಾಸಿಗರಿಗೆ ಕೈಬೀಸಿ ಕರೆಯುತ್ತಿವೆ'. ಇನ್ನೊಂದು, 'ಜಲಪಾತಗಳಿಗೆ ಪ್ರವಾಸಿಗರ ಪ್ರವೇಶ ನಿಷೇಧ'. ಕೆಲವೊಮ್ಮೆ ಎರಡೂ ಒಂದೇ ಪುಟದಲ್ಲಿ. ಕರೆದದ್ದು ಜಲಪಾತ, ಬೇಡ ಅಂದದ್ದು ಆಡಳಿತ. ಕರೆದಿದ್ದಕ್ಕೆ ಹೋದವರು ಏನಾದರು ಅಂತ ನಿಮಗೆ ಗೊತ್ತೇ ಇದೆ. 2023ರ ಜುಲೈನಲ್ಲಿ ಗೋವಾ ಗಡಿಯ ದೂಧಸಾಗರ ಜಲಪಾತ ನೋಡಲು ಹಳಿ ಹಿಡಿದು ನಡೆದವರನ್ನು ರೈಲ್ವೆ ಪೊಲೀಸರು ಸಾಲಾಗಿ ನಿಲ್ಲಿಸಿ, ಕಿವಿ ಹಿಡಿಸಿ ಬಸ್ಕಿ ಹೊಡೆಸಿದರು. ಅದರ ವಿಡಿಯೋ ನೋಡದವರು ಯಾರಿದ್ದಾರೆ? ಫೋಟೋ ತೆಗೆಯಲು ಹೋದವರ ವಿಡಿಯೋವನ್ನೇ ಇಡೀ ದೇಶ ನೋಡಿತು. ಅಷ್ಟು ವ್ಯೂಸ್ ಅವರ ಸ್ವಂತ ರೀಲ್ಸ್‌ಗೆ ಎಲ್ಲಿ ಬರಬೇಕು!

ಹಳಿ ಮೇಲೆ ನಡೆಯೋದು ತಪ್ಪು. ಸುರಂಗದಲ್ಲಿ ರೈಲು ಬಂದರೆ ಸರಿಯಲಿಕ್ಕೆ ಜಾಗ ಇರಲ್ಲ. ಅದರಲ್ಲಿ ವಾದ ಇಲ್ಲ. ಆದರೆ ಅದೇ ವರ್ಷ ಡಿಸೆಂಬರ್ ಹೊತ್ತಿಗೆ ಅದೇ ರೈಲ್ವೆಯ ಸ್ಟೇಷನ್‌ಗಳಲ್ಲಿ ಸೆಲ್ಫಿ ಬೂತ್‌ಗಳು ಎದ್ದು ನಿಂತಿದ್ದವು. ಕಾಯಂ ಬೂತ್ ಒಂದಕ್ಕೆ 6.25 ಲಕ್ಷ ರೂಪಾಯಿ ಅಂತ ಮಧ್ಯ ರೈಲ್ವೆ ಆರ್‌ಟಿಐ ಉತ್ತರದಲ್ಲಿ ಹೇಳಿತು. ಅಂದರೆ ಲೆಕ್ಕ ಸರಳ. 310 ಮೀಟರ್ ಎತ್ತರದ ನಿಜವಾದ ಜಲಪಾತದ ಮುಂದೆ ಫೋಟೋ ತೆಗೆದರೆ ಬಸ್ಕಿ. ಬೂತಿನ ಫೈಬರ್ ಗೊಂಬೆಯ ಮುಂದೆ ತೆಗೆದರೆ ದೇಶಸೇವೆ.

ಈ ಫೈಬರ್ ಕಾಯಿಲೆ ಈಗ ಎಲ್ಲ ಕಡೆ ಹಬ್ಬಿದೆ. ಒಂದು ಕೆರೆ ಇದ್ದರೆ ಅದರ ಮುಂದೆ 'ಐ ಲವ್' ಅಂತ ಆಳೆತ್ತರದ ಅಕ್ಷರ, ನಡುವೆ ಕೆಂಪು ಹೃದಯ, ರಾತ್ರಿ ಲೈಟು. ಕೆರೆ ಕಾಣದ ಹಾಗೆ ಕೆರೆಯ ಪ್ರೀತಿ. ವೈಡ್ ಆ್ಯಂಗಲ್ ಲೆನ್ಸ್ ಹಾಕಿಕೊಂಡು ಎಷ್ಟು ಹಿಂದೆ ಸರಿದರೂ ಒಂದು 'ಐ' ಆದರೂ ಫ್ರೇಮಿಗೆ ಬಂದೇ ಬರುತ್ತದೆ. ಎಂಜಿನಿಯರ್ ಸಾಹೇಬರಿಗೆ ಜಾಗದ ಆಯ್ಕೆಯಲ್ಲಿ ನಮಗಿಂತ ಒಳ್ಳೆಯ ಕಣ್ಣಿದೆ. ಇಡೀ ಊರಿನಲ್ಲಿ ಅತ್ಯುತ್ತಮ ನೋಟ ಎಲ್ಲಿಂದ ಸಿಗುತ್ತದೋ ಸರಿಯಾಗಿ ಅಲ್ಲೇ ಕಾಂಕ್ರೀಟ್ ಸುರಿಯುತ್ತಾರೆ.

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಬೇರೆ, ಹೇಳಿಕೊಳ್ಳುವ ಕೆಲಸ ಬೇರೆ. ಹೇಳಿಕೊಳ್ಳೋದು ಬೆಟ್ಟ, ಬಂಡೆ, ನೀರು, ಅವುಗಳ ಮೇಲೆ ತೂಗಾಡುವ ಮನುಷ್ಯರು, ಇವರ ಫೋಟೋಗ್ರಾಫರ್ ಅಂತ. ಗೋಕಾಕದಲ್ಲಿ ಚಹಾದಂಗಡಿಯ ಕಾಕಾ ಒಬ್ಬರು ಇದನ್ನೆಲ್ಲ ಪೂರ್ತಿ ಕೇಳಿಸಿಕೊಂಡು, 'ಅಂದ್ರ ಮದುವಿ ಫೋಟೋ ತಗಿಯಂಗಿಲ್ಲೇನು?' ಅಂದರು. ತೆಗೀತೀನಿ ಕಾಕಾ. ಮದುವೆ ತೆಗೆದದ್ದಕ್ಕೇ ಬೆಟ್ಟಕ್ಕೆ ಹೋಗಲು ಪೆಟ್ರೋಲ್ ಸಿಗೋದು.

ಗೋಕಾಕ ಅಂದೆ, ಅಲ್ಲಿನ ನೀರಿನ ಬಣ್ಣದ ವಿಷಯ ಹೇಳಿಬಿಡ್ತೀನಿ. ಘಟಪ್ರಭೆ ಅಲ್ಲಿ 52 ಮೀಟರ್ ಕೆಳಗೆ ಬೀಳುತ್ತಾಳೆ. 1880ರ ದಶಕದಲ್ಲಿ ಆ ನೀರಿನ ಬಲದಿಂದಲೇ ಹತ್ತಿ ಗಿರಣಿ ಓಡಿಸಿದರು. ಜುಲೈ, ಆಗಸ್ಟ್‌ನಲ್ಲಿ ಆ ನೀರಿನ ಬಣ್ಣ ಬಸ್‌ಸ್ಟ್ಯಾಂಡಿನ ಕೇಟಿ ಚಹಾದ ಬಣ್ಣ. ಮೇಲಿನ ಹೊಲಗಳ ಮಣ್ಣೆಲ್ಲ ಅದರಲ್ಲಿದೆ, ಇನ್ನೇನು ಬಣ್ಣ ಬರುತ್ತೆ? ಆದರೆ ಗಿರಾಕಿಗಳಿಗೆ ಅದು ಆಗಲ್ಲ. 'ಸರ, ನೀರ್ ಸ್ವಲ್ಪ ನೀಲಿ ಮಾಡ್ರಿ' ಅಂತಾರೆ. ಮಾಡಿಕೊಟ್ಟವರು ಇದ್ದಾರೆ. ಬ್ರೋಷರ್‌ಗಳಲ್ಲಿ ಘಟಪ್ರಭೆ ಸ್ವಿಟ್ಜರ್ಲೆಂಡಿನಿಂದ ಇಳಿದು ಬಂದಿದ್ದಾಳೆ. ಅದನ್ನು ನೋಡಿ ಕಾರು ಹತ್ತಿ ಬಂದವರು ಕಂದು ನೀರು ಕಂಡು ನಮ್ಮನ್ನೇ ಬೈತಾರೆ, 'ಇದೇನ್ರಿ, ಹೊಲಸು!' ಅಂತ. ಅದು ಹೊಲಸಲ್ಲ, ಮಣ್ಣು. ನನ್ನ ಮಟ್ಟಿಗೆ ಆ ಕಂದು ಬಣ್ಣವೇ ಚಂದ. ಬೇಸಿಗೆಯಲ್ಲಿ ಬಂದು ನೋಡಿ, ನೀಲಿಯೂ ಇಲ್ಲ, ಕಂದೂ ಇಲ್ಲ, ಬರೀ ಬಂಡೆ.

ಇನ್ನೊಂದು ತೊಂದರೆ, ನೀರನ್ನು ರೇಷ್ಮೆಯಂತೆ ತೆಗೆಯಬೇಕು ಅಂದರೆ ಶಟರ್ ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದಿರಬೇಕು. ಕೈಯಲ್ಲಿ ಹಿಡಿದರೆ ಅಲುಗುತ್ತದೆ. ಅದಕ್ಕೇ ಟ್ರೈಪಾಡ್. ಮೂರು ಕಾಲು, ಒಂದು ತಲೆ. ಈ ದೇಶದ ಭದ್ರತೆಗೆ ಇದಕ್ಕಿಂತ ದೊಡ್ಡ ಬೆದರಿಕೆ ಇನ್ನೊಂದಿಲ್ಲ ಅಂತ ನನಗೆ ಗೊತ್ತಾದದ್ದು ಬಾಗಲಕೋಟೆ ಜಿಲ್ಲೆಯ ಒಂದು ಹಳೆಯ ಸ್ಮಾರಕದ ಗೇಟಿನಲ್ಲಿ.

'ಸರ, ಅದನ್ನ ಒಳಗ ಬಿಡಂಗಿಲ್ರಿ.'

'ಯಾಕಣ್ಣಾ?'

'ಮೂರ್ ಕಾಲ್ ಐತ್ರಿ. ಪರ್ಮಿಷನ್ ಬೇಕ್ರಿ.'

ನಿಯಮ ಇರೋದು ನಿಜ, ಟ್ರೈಪಾಡ್‌ಗೆ ಮೊದಲೇ ಅನುಮತಿ ತಗೋಬೇಕು. ಅಣ್ಣನ ತಪ್ಪೇನಿಲ್ಲ. ಆದರೆ ನಾವು ಹೀಗೆ ಮಾತಾಡುವಾಗ ಪಕ್ಕದಲ್ಲೇ ಒಂದು ಪ್ರೀ-ವೆಡ್ಡಿಂಗ್ ತಂಡ ಒಳಗೆ ಹೋಯಿತು. ಹುಡುಗಿಯ ಗೌನಿನ ಬಾಲವನ್ನು ಇಬ್ಬರು ಹಿಡಿದಿದ್ದರು. ಬಣ್ಣದ ಹೊಗೆ ಡಬ್ಬಿ ಇತ್ತು. ಒಂದು ಏಣಿಯೂ ಇತ್ತು. ಅದಕ್ಕೆ ನಾಲ್ಕು ಕಾಲು!

'ಅವರದು?' ಅಂದೆ.

'ಅವರದು ಮೊಬೈಲ್ ರಿ. ಮೊಬೈಲ್ ಆದ್ರ ಎಷ್ಟ್ ಬೇಕಾದ್ರ ಹೊಡ್ಕೊಳ್ರಿ.'

ಮೊಬೈಲು 200 ಮೆಗಾಪಿಕ್ಸೆಲ್ ಇದ್ದರೂ ಅದು ಪ್ರವಾಸಿ. ನನ್ನ ಹಳೇ ಕ್ಯಾಮೆರಾ 24 ಇದ್ದರೂ ಅದು ಪ್ರೊಫೆಷನಲ್. ಗಾತ್ರ ನೋಡಿ ಅಪರಾಧ ಅಳೆಯುವ ಪದ್ಧತಿ ಇದು. ದೊಡ್ಡ ಕ್ಯಾಮೆರಾ ಹಿಡಿದವನು ಒಂದೋ ಪತ್ರಕರ್ತ, ಇಲ್ಲಾ ಗೂಢಚಾರ, ಇಲ್ಲಾ ಭೂಮಿ ಅಳೆಯಲು ಬಂದವನು. ಖಾನಾಪುರದ ಕಡೆ ಒಂದು ಹಳ್ಳಿಯಲ್ಲಿ ನನ್ನ ಟ್ರೈಪಾಡ್ ನೋಡಿ, 'ರಸ್ತಾ ಅಗಲ ಮಾಡ್ತೀರೇನ್ರಿ, ನಮ್ಮ ಮನಿ ಹೋಗತೈತೇನ್ರಿ?' ಅಂತ ಅಜ್ಜಿಯೊಬ್ಬರು ಅಳುವುದಕ್ಕೇ ನಿಂತರು. ಅವರ ಭಯಕ್ಕೆ ಮಾತ್ರ ಕಾರಣ ಇದೆ.

ಡ್ರೋನ್ ವಿಷಯ ಎತ್ತಲೇಬೇಡಿ. 2021ರ ಡ್ರೋನ್ ನಿಯಮದಲ್ಲಿ ಆಕಾಶಕ್ಕೆ ಬಣ್ಣ ಹಚ್ಚಿದ್ದಾರೆ. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಿಸುವವರ ಒಪ್ಪಿಗೆ ಬೇಕು. ಕೆಂಪಿಗೆ ಕೇಂದ್ರ ಸರ್ಕಾರವೇ ಹೂಂ ಅನ್ನಬೇಕು. ಬೆಳಗಾವಿಯಲ್ಲಿ ಸಾಂಬ್ರಾ ವಿಮಾನ ನಿಲ್ದಾಣ, ಪಕ್ಕದಲ್ಲೇ ವಾಯುಪಡೆ, ಊರೊಳಗೆ ಮರಾಠಾ ಲಘು ಪದಾತಿ ದಳದ ಕೇಂದ್ರ. ಹಾಗಾಗಿ ನಕ್ಷೆಯಲ್ಲಿ ನಮ್ಮೂರ ಆಕಾಶಕ್ಕೆ ಹಳದಿ, ಕೆಂಪು. ಅಪ್ಪಟ ಕನ್ನಡ ಬಾವುಟ! ಗಡಿ ತಂಟೆ ತೆಗೆಯುವವರಿಗೆ ಈ ಒಂದು ನಕ್ಷೆ ತೋರಿಸಿದರೆ ಸಾಕಿತ್ತು, ಇಷ್ಟು ವರ್ಷದ ವಕೀಲರ ಫೀಸು ಉಳಿಯುತ್ತಿತ್ತು. ಮದುವೆ ಮಂಟಪದ ಮೇಲೆ ಅಕ್ಷತೆಯ ಹೊತ್ತಿಗೆ ಗುಂಯ್ ಅನ್ನುವ ಡ್ರೋನಿಗೆ ಮಾತ್ರ ಯಾವ ಬಣ್ಣವೂ ಅಂಟಲ್ಲ. ಅದು ಹೇಗೆ ಅಂತ ಕೇಳಿದರೆ ಮದುವೆ ಆರ್ಡರ್ ಹೋಗುತ್ತದೆ, ಸುಮ್ನಿರ್ತೀನಿ.

ಇಷ್ಟು ಹೊತ್ತು ನಕ್ಕಿದ್ದಾಯಿತು. ಈಗ ಒಂದು ಮಾತು.

ಬಾದಾಮಿಯ ಬಂಡೆಗಳಿಗೆ ಚಳಿಗಾಲದಲ್ಲಿ ಏರುವವರು ಬರುತ್ತಾರೆ, ದೇಶದ ಬೇರೆ ಕಡೆಯಿಂದ, ಹೊರದೇಶದಿಂದಲೂ. ಅಲ್ಲಿ 'ಗಣೇಶ' ಅಂತ ಒಂದು ದಾರಿ ಇದೆ, ಕಷ್ಟದ ಅಳತೆಯಲ್ಲಿ 8ಬಿ+. ದೇಶದ ಅತಿ ಕಷ್ಟದ ದಾರಿಗಳಲ್ಲಿ ಅದೂ ಒಂದು. ಏರುವವನ ಮುಖ ಸಿಗಬೇಕು ಅಂದರೆ ಅವನಿಗಿಂತ ಮೇಲೆ ನಾನು ನೇತಾಡುತ್ತಿರಬೇಕು. ಕೆಳಗಿನಿಂದ ತೆಗೆದರೆ ಬರೀ ಚಡ್ಡಿ ಬರುತ್ತೆ. ಹಾಗೆ ನೇತಾಡುವ ಮೊದಲು ಏನು ಮಾಡ್ತೀವಿ ಗೊತ್ತಾ? ಹಗ್ಗವನ್ನು ಎರಡು ಬೇರೆ ಬೇರೆ ಕಡೆ ಕಟ್ತೀವಿ, ಒಂದು ಕಿತ್ತರೆ ಇನ್ನೊಂದು ಇರಲಿ ಅಂತ. ಇನ್ನೊಬ್ಬರಿಂದ ಗಂಟು ನೋಡಿಸ್ತೀವಿ. ಹೆಲ್ಮೆಟ್ ಹಾಕ್ತೀವಿ. ಕ್ಯಾಮೆರಾವನ್ನೂ ದಾರದಿಂದ ಸೊಂಟಕ್ಕೆ ಕಟ್ತೀವಿ, ಬಿದ್ದರೆ ಕೆಳಗಿದ್ದವನ ತಲೆ ಒಡೆಯುತ್ತೆ. ಆಮೇಲೆ ಜುಮಾರ್, ಅಂದರೆ ಹಗ್ಗವನ್ನು ಕಚ್ಚಿ ಹಿಡಿಯುವ ಹಿಡಿಕೆ, ಹಾಕಿ ಹಗ್ಗ ಹತ್ತೋದು. ಮಳೆ ಬಂದು ಮರಳುಗಲ್ಲು ಒದ್ದೆಯಾಗಿದ್ದರೆ ಆ ದಿನ ಏರೋದೇ ಇಲ್ಲ, ಒದ್ದೆ ಕಲ್ಲಿನ ಅಂಚು ಕೈಯಲ್ಲೇ ಕಿತ್ತು ಬರುತ್ತದೆ. ಸಾಹಸ ಅಂತ ಜನ ಕರೆಯೋದು ಇದನ್ನು. ಇದರಲ್ಲಿ ಮುಕ್ಕಾಲು ಪಾಲು ಗಂಟು ನೋಡುವ ಕೆಲಸ.

2022ರ ನವೆಂಬರ್‌ನಲ್ಲಿ ಗಡಿಯಾಚೆ ಮಹಾರಾಷ್ಟ್ರದ ಕಿತವಾಡ ಜಲಪಾತಕ್ಕೆ ಹೋಗಿದ್ದ ನಮ್ಮ ಬೆಳಗಾವಿಯ ನಾಲ್ಕು ಹುಡುಗಿಯರು ನೀರುಪಾಲಾದರು. ಸೆಲ್ಫಿ ತೆಗೆಯುವಾಗ ಕಾಲು ಜಾರಿತು ಅಂತ ಸುದ್ದಿ. ಸೆಲ್ಫಿ ಅಂದ ಕೂಡಲೇ ಎಲ್ಲರಿಗೂ ಸಮಾಧಾನ. ತಪ್ಪು ಸತ್ತವರದ್ದೇ ಆಯಿತು. ಪಾಚಿ ಕಟ್ಟಿದ ಬಂಡೆಯ ತುದಿಗೆ ಕಂಬಿ ಬೇಕು ಅಂತ ಯಾರೂ ಕೇಳಬೇಕಾಗಿಲ್ಲ. ನಮ್ಮ ಕಡೆಯ ಎಷ್ಟು ಜಲಪಾತಗಳ ಹತ್ತಿರ ನಾನು ನಿಂತಿದ್ದೇನೆ. ಫ್ಲೆಕ್ಸ್ ಕಂಡಿದ್ದೇನೆ, ಬೋರ್ಡ್ ಕಂಡಿದ್ದೇನೆ, ಉದ್ಘಾಟನೆಯ ಕಲ್ಲು ಕಂಡಿದ್ದೇನೆ. ಎಸೆಯಲು ಒಂದು ಹಗ್ಗ, ಒಂದು ಲಾರಿ ಟ್ಯೂಬು ಇಟ್ಟದ್ದು ಕಂಡಿಲ್ಲ. ಈಜು ಬರುವ ಒಬ್ಬ ಹುಡುಗನನ್ನು ಮಳೆಗಾಲದ ನಾಲ್ಕು ತಿಂಗಳು ಸಂಬಳ ಕೊಟ್ಟು ಕೂರಿಸಿದ್ದು ಕಂಡಿಲ್ಲ. ಕ್ಯಾಮೆರಾ ಹಿಡಿಯಲು ಸಿಬ್ಬಂದಿ ಇದೆ, ಮನುಷ್ಯರನ್ನು ಹಿಡಿಯಲು ಇಲ್ಲ. ಪ್ರತಿ ವರ್ಷ ಇದನ್ನೇ ಬರೆದು ಬೇಜಾರಾಗಿದೆ ನನಗೆ. ಓದಿ ನಿಮಗೂ ಆಗಿರಬೇಕು.

ಬಿಡಿ. ದುಡ್ಡಿನ ವಿಷಯಕ್ಕೆ ಬರೋಣ.

1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಫೋಟೋ ತೆಗೆದವನೇ ಅದರ ಮೊದಲ ಒಡೆಯ. ಪ್ರಕಟವಾದ ಮೇಲೆ 60 ವರ್ಷ ಆ ಹಕ್ಕು ಉಳಿಯುತ್ತದೆ. ಆದರೆ ದುಡ್ಡು ಕೊಟ್ಟು ತೆಗೆಸಿದ ಫೋಟೋ ಆದರೆ, ಬೇರೆ ಕರಾರು ಇಲ್ಲದಿದ್ದರೆ, ಹಕ್ಕು ತೆಗೆಸಿದವರಿಗೆ ಹೋಗುತ್ತದೆ. ನಮ್ಮ ಕಡೆ ಯಾರೂ ದುಡ್ಡೇ ಕೊಡಲ್ಲವಲ್ಲ, ಹಾಗಾಗಿ ಕಾನೂನಿನ ಲೆಕ್ಕದಲ್ಲಿ ನಾನು ಭಾರೀ ಶ್ರೀಮಂತ. ಉತ್ಸವದ ಕಮಾನು, ಕ್ಯಾಲೆಂಡರ್, ಹೋಟೆಲ್ ಗೋಡೆ, ಕರದಂಟಿನ ಡಬ್ಬಿ, ಎಲ್ಲ ಕಡೆ ನನ್ನ ಆಸ್ತಿ ಹರಡಿದೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: 'ಕ್ರೆಡಿಟ್ ಕೊಡ್ತೀವಲ್ರಿ ಸರ.' ಒಬ್ಬರಂತೂ ಇನ್ನೂ ಮುಂದೆ ಹೋದರು. ಫೋಟೋದ ಮೇಲೆ ನನ್ನ ಹೆಸರು ಅಡ್ಡ ಬರುತ್ತಿದೆಯಂತೆ, ಅದನ್ನು ತೆಗೆದು ಕಳಿಸಬೇಕಂತೆ, ಕ್ರೆಡಿಟ್ ಹಾಕಲು ಜಾಗ ಸಾಲುತ್ತಿಲ್ಲವಂತೆ.

ಇಂಡೋನೇಷ್ಯಾದ ಮಂಗವೊಂದು ಬ್ರಿಟನ್ನಿನ ಫೋಟೋಗ್ರಾಫರ್ ಒಬ್ಬನ ಕ್ಯಾಮೆರಾ ಒತ್ತಿ ತನ್ನ ಫೋಟೋ ತಾನೇ ತೆಗೆದುಕೊಂಡ ಕಥೆ ನಿಮಗೆ ನೆನಪಿರಬೇಕು. ಹಕ್ಕು ಮಂಗನದ್ದು ಅಂತ 2015ರಲ್ಲಿ ಪ್ರಾಣಿದಯಾ ಸಂಘದವರು ಅಮೆರಿಕದ ಕೋರ್ಟಿಗೆ ಹೋದರು. 2017ರಲ್ಲಿ ರಾಜಿ ಆಯಿತು. ಆ ಫೋಟೋಗಳಿಂದ ಮುಂದೆ ಬರುವ ಹಣದಲ್ಲಿ ಶೇ. 25ರಷ್ಟನ್ನು ಅಂಥ ಮಂಗಗಳನ್ನು ಕಾಪಾಡುವ ಸಂಸ್ಥೆಗಳಿಗೆ ಕೊಡಲು ಆ ಪುಣ್ಯಾತ್ಮ ಒಪ್ಪಿದ. ಮಂಗ ದಾವೆ ಹೂಡುವಂತಿಲ್ಲ ಅಂತ 2018ರಲ್ಲಿ ಮೇಲಿನ ಕೋರ್ಟು ಹೇಳಿತು, ಅದು ಬೇರೆ ಮಾತು. ನನಗೆ ಉಳಿದದ್ದು ಆ ಶೇ. 25. ಬಾದಾಮಿಯ ಮಂಗಗಳಿಗೆ ಈ ಸುದ್ದಿ ಯಾರೂ ಮುಟ್ಟಿಸಬೇಡಿ. ಸದ್ಯಕ್ಕೆ ಅವು ಬಿಸ್ಕೀಟ್ ಪೊಟ್ಟಣ, ನೀರಿನ ಬಾಟ್ಲಿ ಕಸಿದುಕೊಂಡು ತೃಪ್ತವಾಗಿವೆ. ಪರ್ಸೆಂಟೇಜ್ ರುಚಿ ಹತ್ತಿದರೆ ಚುನಾವಣೆಗೆ ನಿಲ್ಲುತ್ತವೆ.

ಮೊನ್ನೆ ಒಂದು ಉತ್ಸವ ಸಮಿತಿಯವರು ಫೋನ್ ಮಾಡಿದ್ದರು. ಜಿಲ್ಲೆಯ ಪ್ರವಾಸೋದ್ಯಮಕ್ಕೆ ನನ್ನ ಸೇವೆ ದೊಡ್ಡದಂತೆ, ಸನ್ಮಾನ ಮಾಡುತ್ತಾರಂತೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಫ್ರೇಮ್ ಹಾಕಿದ ಒಂದು ಫೋಟೋ. ಆ ಫೋಟೋ ಯಾರದ್ದು ಅಂತ ಕೇಳಿದೆ. 'ನಿಮ್ದ ರಿ, ನೆಟ್‌ನ್ಯಾಗ ಸಿಕ್ತು' ಅಂದರು. ಆಯ್ತು, ಬರ್ತೀನಿ ಅಂದೆ. ಫೋನ್ ಇಡುವ ಮೊದಲು ಇನ್ನೊಂದು ಮಾತು ಸೇರಿಸಿದರು.

'ಸರ, ಬರೂ ಮುಂದ ಕ್ಯಾಮೆರಾ ತಗೊಂಡ ಬರ್ರಿ. ಅವತ್ತ ಮಂತ್ರಿಗಳದ ಫೋಟೋ ಹೊಡಿಯಾಕ ಯಾರೂ ಇಲ್ರಿ.'